ಎಚ್‌ಐವಿ ಔಷಧ ನಿರೋಧಕತೆ ಪರೀಕ್ಷೆ: ರಕ್ತದ ಟ್ಯೂಬಿನಿಂದ ವರದಿಯವರೆಗೆ

ಔಷಧಕ್ಕೆ ಬಗ್ಗದಂತೆ ವೈರಸ್‌ನ ಜೀನ್‌ನಲ್ಲಿ ಆಗುವ ಬದಲಾವಣೆಯೇ ನಿರೋಧಕ ಮ್ಯುಟೇಶನ್. ವರದಿಯಲ್ಲಿ ‘ನಿರೋಧಕ ಮ್ಯುಟೇಶನ್ ಕಂಡುಬಂದಿಲ್ಲ’ ಎಂದಿದ್ದರೆ ಅದಕ್ಕೆ ಎರಡು ಅರ್ಥ ಇರಬಹುದು. ಒಂದು, ವೈರಸ್‌ನ ಎಂಜೈಮುಗಳು ನಿಜಕ್ಕೂ ಬದಲಾಗಿಲ್ಲ. ಇನ್ನೊಂದು, ಬದಲಾದ ವೈರಸ್ ಮೈಯೊಳಗೆ ಇದೆ, ಆದರೆ ಆ ದಿನದ ಆ ಟ್ಯೂಬಿನಲ್ಲಿ ಸಿಗಲಿಲ್ಲ. ಇವೆರಡರಲ್ಲಿ ಯಾವುದು ಎಂದು ಜೀನ್‌ನ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರ ಹೇಳುವುದಿಲ್ಲ. ರಕ್ತ ತೆಗೆಯುವ ಮೊದಲು ಏನು ಕೇಳಿದೆವು, ಪ್ಲಾಸ್ಮಾ (ರಕ್ತಕಣ ಬಿಟ್ಟ ದ್ರವ) ಹೇಗೆ ಬೇರ್ಪಡಿಸಿದೆವು, ಯಂತ್ರ ಬರೆದ ಗ್ರಾಫಿನ ಪೀಕ್‌ಗಳನ್ನು ಎಷ್ಟು ತಾಳ್ಮೆಯಿಂದ ಓದಿದೆವು ಎನ್ನುವುದರ ಮೇಲೆ ಅದು ನಿಂತಿದೆ.

ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಎಂಎಸ್ಸಿ ಮುಗಿಸಿ ಪುಣೆಯ ವೈರಾಲಜಿ ಲ್ಯಾಬುಗಳಿಗೆ ಬರುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರವಾಗಿ ಶುರುವಾದ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, 1992ರಲ್ಲಿ ಭೋಸರಿಯಲ್ಲಿ ಶುರುವಾದ ಏಡ್ಸ್ ಸಂಶೋಧನಾ ಸಂಸ್ಥೆ ಎರಡೂ ಇರುವ ಊರು ಪುಣೆ. ಪ್ರೋಟೋಕಾಲ್ ಹಾಳೆ ಎಲ್ಲ ಲ್ಯಾಬಿನಲ್ಲೂ ಸಿಗುತ್ತದೆ. ಆ ಹಾಳೆಯ ಪ್ರತಿ ಸಾಲು ಯಾಕಿದೆ ಎನ್ನುವುದು ಗೊತ್ತಿದ್ದರೆ ತಪ್ಪು ಎಲ್ಲಿ ನುಸುಳುತ್ತದೆ ಎನ್ನುವುದೂ ಗೊತ್ತಾಗುತ್ತದೆ.

ನಾವು ಓದುವುದು ವೈರಸ್‌ನ ಮೂರು ಎಂಜೈಮುಗಳ ಜೀನ್. ಪ್ರೋಟಿಯೇಸ್ 99 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನ್, ಇಂಟಿಗ್ರೇಸ್ 288, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್‌ನ ದೊಡ್ಡ ತುಂಡು 560. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲು ಮಾಡುವಾಗ ಮಾಡಿದ ತಪ್ಪನ್ನು ತಾನೇ ತಿದ್ದಿಕೊಳ್ಳುವುದಿಲ್ಲ. ನಿರೋಧಕತೆಗೆ ಬೀಜ ಬೀಳುವುದು ಅಲ್ಲೇ. ಈ ಎಂಜೈಮಿನ ಆಕಾರ ಬಲಗೈಯಂತೆ, ಬೆರಳು, ಅಂಗೈ, ಹೆಬ್ಬೆರಳು ಎಂದೇ ಭಾಗಗಳ ಹೆಸರು. ಅಂಗೈಯ ಸಕ್ರಿಯ ಜಾಗದಲ್ಲಿ 184ನೇ ಮೆಥಿಯೋನಿನ್ ಹೋಗಿ ವ್ಯಾಲಿನ್ ಬಂದರೆ ಅದರ ಕವಲು ಲ್ಯಾಮಿವುಡಿನ್‌ನ ಉಂಗುರಕ್ಕೆ ತಾಗಿ ಔಷಧವನ್ನು ಹೊರಗಿಡುತ್ತದೆ. ಇದೇ ಎಂ184ವಿ: ಹಳೆಯ ಅಮೈನೋ ಆಮ್ಲದ ಅಕ್ಷರ, ಜಾಗದ ಸಂಖ್ಯೆ, ಹೊಸದರ ಅಕ್ಷರ. ಬೆರಳ ಭಾಗದ ಕೆ65ಆರ್ ಟೆನೊಫೊವಿರ್ ಎಂಬ ಔಷಧ ಡಿಎನ್‌ಎಗೆ ಸೇರಿಕೊಳ್ಳುವುದನ್ನು ನಿಧಾನಗೊಳಿಸುತ್ತದೆ. ಭಾರತದಲ್ಲಿ ಹೆಚ್ಚಾಗಿರುವ ಸಬ್‌ಟೈಪ್ ಸಿ ವೈರಸ್‌ನಲ್ಲಿ ಕೆ65ಆರ್ ಸುಲಭವಾಗಿ ಹುಟ್ಟುತ್ತದೆ, ಏಕೆಂದರೆ ಅದರ ಕೋಡಾನ್ (ಒಂದು ಅಮೈನೋ ಆಮ್ಲಕ್ಕೆ ಮೂರಕ್ಷರದ ಸಂಕೇತ) ಜೋಡಣೆಯಲ್ಲಿ ಎಂಜೈಮು ಆ ಜಾಗದಲ್ಲಿ ತಡವರಿಸುತ್ತದೆ.

ಕೆಲಸ ಶುರುವಾಗುವುದು ಫಾರ್ಮಿನಿಂದ. ರೋಗಿ ಈಗ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ, ಹಿಂದೆ ಯಾವುದಿತ್ತು, ಕೊನೆಯ ಗುಳಿಗೆ ಯಾವತ್ತು, ಈ ಮೂರೂ ತುಂಬಿರದ ಫಾರ್ಮನ್ನು ತೆಗೆದುಕೊಳ್ಳಬೇಡಿ. ಎಂ184ವಿ ಇರುವ ವೈರಸ್ ಸೋತ ವೈರಸ್. ಔಷಧದ ಒತ್ತಡ ಇದ್ದಾಗ ಮಾತ್ರ ಅದು ಮುಂದೆ ಇರುತ್ತದೆ. ಗುಳಿಗೆ ನಿಂತು ನಾಲ್ಕು ವಾರ ದಾಟಿದರೆ ಹಳೆಯ ಕಾಡು ವೈರಸ್ (ಬದಲಾಗದ ಮೂಲ ವೈರಸ್) ಮತ್ತೆ ಮೇಲೆ ಬಂದು, ಎಂ184ವಿ ಪ್ಲಾಸ್ಮಾದಿಂದ ಮರೆಯಾಗತೊಡಗುತ್ತದೆ. ಎಫಾವಿರೆಂಜ್ ಎಂಬ ಹಳೆಯ ಔಷಧದ ಕಾಲದ ಕೆ103ಎನ್ ಹಾಗಲ್ಲ, ವೈರಸ್‌ಗೆ ಅದರಿಂದ ಹೆಚ್ಚು ನಷ್ಟವಿಲ್ಲದ ಕಾರಣ ಬಹುಕಾಲ ಉಳಿಯುತ್ತದೆ. ಹಾಗಾಗಿ ರಕ್ತವನ್ನು ರೋಗಿ ಗುಳಿಗೆಯ ಮೇಲಿರುವಾಗಲೇ ತೆಗೆಯಬೇಕು.

ಪುಣೆಯ ಕಟ್ಟಡ ಕೆಲಸಕ್ಕೆ ಯಾದಗಿರಿ, ವಿಜಯಪುರ, ಕಲಬುರಗಿಯಿಂದ ಬಂದವರು ಬಹಳ. ಕೌನ್ಸೆಲರ್ ಮರಾಠಿಯಲ್ಲೋ ಹಿಂದಿಯಲ್ಲೋ ‘ಗೋಲಿ ತಪ್ಪಿಸಿದಿರಾ’ ಎಂದರೆ ‘ಇಲ್ಲ’ ಎಂದೇ ಉತ್ತರ ಬರುತ್ತದೆ. ಕನ್ನಡ ಬಲ್ಲವರು ಇದ್ದರೆ ಕೂತು ಕೇಳಬೇಕು: ‘ಅಣ್ಣಾರ, ಜಾತ್ರಿಗೆ ಊರಿಗೆ ಹೋದಾಗ ಗುಳಿಗಿ ಸಂಗಾಟ ಒಯ್ದಿದ್ರೇನ್ರಿ? ಎಷ್ಟು ದಿನಕ್ಕ ಸಾಲಿದ್ವು?’ ಹೀಗೆ ಕೇಳಿದರೆ ದಿನದ ಲೆಕ್ಕ ಸಿಗುತ್ತದೆ. ಟಿಬಿ ಗುಳಿಗೆ ನಡೆಯುತ್ತಿದೆಯೇ ಎಂದೂ ಕೇಳಿ. ರಿಫಾಂಪಿಸಿನ್ ಎಂಬ ಟಿಬಿ ಔಷಧ ಇದ್ದರೆ, ಇಂಟಿಗ್ರೇಸ್ ತಡೆಯುವ ಎಚ್‌ಐವಿ ಔಷಧ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ದಿನಕ್ಕೆ ಎರಡು ಸಲ ಬೇಕು. ಆಸಿಡಿಟಿಗೆ ಆಂಟಾಸಿಡ್ ಕುಡಿಯುವವರಾದರೆ ಡೊಲುಟೆಗ್ರಾವಿರ್ ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ. ಇವನ್ನು ಬಿಟ್ಟು ಬರೀ ಜೀನ್ ಓದಿದರೆ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಏರಿದ್ದಕ್ಕೆ ಕಾರಣ ಸಿಗದೇ ಹೋಗಬಹುದು. ಟ್ಯೂಬಿನ ಮೇಲೆ ಕೋಡ್ ಮಾತ್ರ ಇರಲಿ, ಹೆಸರು ಬೇಡ.

ರಕ್ತ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಬರಬೇಕು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಾದರೆ ವಾಪಸ್ ಕಳಿಸಿ, ಹೆಪಾರಿನ್ ಪಿಸಿಆರನ್ನು (ಜೀನ್‌ನ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ಕೆಡಿಸುತ್ತದೆ. 6 ಎಂಎಲ್ ರಕ್ತದಿಂದ ಸುಮಾರು 2.5ರಿಂದ 3 ಎಂಎಲ್ ಪ್ಲಾಸ್ಮಾ ಸಿಗುತ್ತದೆ. 6 ಗಂಟೆಯೊಳಗೆ ಬೇರ್ಪಡಿಸಿದರೆ ಒಳ್ಳೆಯದು, 24 ಗಂಟೆ ದಾಟಲೇಬಾರದು. ಮೇ ತಿಂಗಳಲ್ಲಿ ಸೊಲ್ಲಾಪುರ ರಸ್ತೆಯಲ್ಲಿ ಬರುವ ಡಬ್ಬಿಯಲ್ಲಿ ಜೆಲ್ ಪ್ಯಾಕ್ ಇರಲಿ, ಆದರೆ ಟ್ಯೂಬು ಅದಕ್ಕೆ ನೇರ ತಾಗಬಾರದು. ಇಡೀ ರಕ್ತ ಮಂಜುಗಡ್ಡೆಯಂತೆ ಗಟ್ಟಿಯಾದರೆ ಜೀವಕೋಶ ಒಡೆದು ಎಲ್ಲ ಬೆರೆತುಹೋಗುತ್ತದೆ. ಸೆಂಟ್ರಿಫ್ಯೂಜಿನಲ್ಲಿ 1000ರಿಂದ 1200 ಜಿ (ಗುರುತ್ವಬಲದ ಪಟ್ಟು) ವೇಗದಲ್ಲಿ 10 ನಿಮಿಷ ತಿರುಗಿಸಿ, ಮೇಲಿನ ಪ್ಲಾಸ್ಮಾ ಮಾತ್ರ ಎಳೆಯಿರಿ. ಬಿಳಿ ರಕ್ತಕಣಗಳ ಬಿಳಿ ಪದರದ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟೇಬಿಡಿ. ಆ ಪದರದ ಜೀವಕೋಶಗಳಲ್ಲಿ ವರ್ಷಗಳ ಹಿಂದಿನ ವೈರಸ್ ಡಿಎನ್‌ಎ ಕೂತಿದೆ. ಅದು ಬೆರೆತರೆ ಇಂದಿನ ವೈರಸ್ಸೋ ಹಳೆಯದೋ ಎಂದು ಬೇರ್ಪಡಿಸಲಾಗದು. ಪ್ಲಾಸ್ಮಾವನ್ನು ಎರಡು ಮೂರು ವಯಲ್‌ಗಳಿಗೆ ಹಂಚಿ −80 ಡಿಗ್ರಿಯಲ್ಲಿಡಿ. ಒಂದು ಕೆಟ್ಟರೆ ಇನ್ನೊಂದಿರುತ್ತದೆ, ಕರಗಿಸಿ ಮತ್ತೆ ಗಟ್ಟಿಮಾಡುವ ಪ್ರಮೇಯವೂ ಬರುವುದಿಲ್ಲ.

ಆರ್‌ಎನ್‌ಎ ತೆಗೆಯುವ ಕಾಲಂ ಕಿಟ್‌ನಲ್ಲಿ ಸಾಮಾನ್ಯ ಅಳತೆ ಹೀಗೆ: 140 ಮೈಕ್ರೋಲೀಟರ್ ಪ್ಲಾಸ್ಮಾ, 560 ಲೈಸಿಸ್ ಬಫರ್, 10 ನಿಮಿಷ, ಆಮೇಲೆ 560 ಎಥನಾಲ್, ಎರಡು ಸಲ ತೊಳೆದು ಕಡೆಗೆ 60 ಮೈಕ್ರೋಲೀಟರಿನಲ್ಲಿ ಇಳಿಸುವುದು. ಕ್ಯಾರಿಯರ್ ಆರ್‌ಎನ್‌ಎ (ವೈರಸ್‌ನ ಆರ್‌ಎನ್‌ಎ ಕಳೆದುಹೋಗದಂತೆ ಸೇರಿಸುವ ಆರ್‌ಎನ್‌ಎ) ಹಾಕಲು ಮರೆತರೆ ಕಡಿಮೆ ಲೋಡಿನ ಸ್ಯಾಂಪಲ್ ಅಲ್ಲೇ ಕಳೆದುಹೋಗುತ್ತದೆ. ಲೈಸಿಸ್ ಬಫರಿನಲ್ಲಿ ಗ್ವಾನಿಡೀನ್ ಥಯೋಸಯನೇಟ್ ಇದೆ. ಅದರ ತ್ಯಾಜ್ಯಕ್ಕೆ ಬ್ಲೀಚ್ ಸುರಿಯಲೇಬೇಡಿ, ವಿಷಾನಿಲ ಏಳುತ್ತದೆ.

ಇಲ್ಲಿ ಒಂದು ಲೆಕ್ಕ ಮಾಡಲೇಬೇಕು. ವೈರಲ್ ಲೋಡ್ ಎಂಎಲ್‌ಗೆ 1000 ಪ್ರತಿ ಎಂದುಕೊಳ್ಳಿ. 140 ಮೈಕ್ರೋಲೀಟರಿನಲ್ಲಿ 140 ಪ್ರತಿಗಳು. 60ರಲ್ಲಿ ಇಳಿಸಿ, ಅದರಲ್ಲಿ 10 ಮೈಕ್ರೋಲೀಟರ್ ಪಿಸಿಆರ್‌ಗೆ ಹಾಕಿದರೆ 23 ಪ್ರತಿಗಳು. ಕಾಲಂನಲ್ಲಿ ಸೋರಿದ್ದು, ಡಿಎನ್‌ಎ ಆಗದೆ ಉಳಿದದ್ದು ಕಳೆದರೆ ಇನ್ನೂ ಕಡಿಮೆ. ಆ ಕೈಬೆರಳೆಣಿಕೆಯ ಪ್ರತಿಗಳಿಂದ ಜೆಲ್ ಮೇಲೆ ಹೊಳೆಯುವ ಬ್ಯಾಂಡ್ ಬರುತ್ತದೆ, ಸೀಕ್ವೆನ್ಸೂ ಚೊಕ್ಕಟವಾಗಿ ಬರುತ್ತದೆ. ಆದರೆ ಅದು ರೋಗಿಯ ವೈರಸ್ ಸಮೂಹದ ಪ್ರತಿನಿಧಿ ಎನ್ನಲು ಧೈರ್ಯ ಸಾಲದು. ಆದ್ದರಿಂದ ಲೋಡ್ ಕಡಿಮೆ ಇದ್ದಾಗ 1 ಎಂಎಲ್ ಪ್ಲಾಸ್ಮಾವನ್ನು 4 ಡಿಗ್ರಿಯಲ್ಲಿ, ಸುಮಾರು 24,000 ಜಿ ವೇಗದಲ್ಲಿ ಒಂದು ಗಂಟೆ ತಿರುಗಿಸಿ ವೈರಸ್ ತಳಕ್ಕಿಳಿಸಿ. ಪಿಸಿಆರನ್ನು ಮೂರು ಟ್ಯೂಬುಗಳಲ್ಲಿ ಬೇರೆ ಬೇರೆ ಮಾಡಿ, ಉತ್ಪನ್ನವನ್ನು ಆಮೇಲೆ ಕೂಡಿಸಿ. ಖರ್ಚು ಹೆಚ್ಚು, ಆದರೂ ಇದನ್ನು ಬಿಡಬೇಡಿ.

ಎರಡು ಸುತ್ತಿನ ನೆಸ್ಟೆಡ್ ಪಿಸಿಆರ್‌ನಲ್ಲಿ ಮೊದಲ ಸುತ್ತಿನ ಟ್ಯೂಬ್ ತೆರೆಯುವ ಗಳಿಗೆಯೇ ಅಪಾಯದ್ದು, ಪ್ರತಿಗಳು ಬೇರೆ ಸ್ಯಾಂಪಲಿಗೆ ಬೆರೆಯಬಹುದು. ಮಿಕ್ಸ್ ಕಲಸುವ ಕೋಣೆಗೆ ಆ ಕೋಟು, ಆ ಪಿಪೆಟ್ ಮರಳಿ ಬರಬಾರದು. ನೆಗೆಟಿವ್ ಕಂಟ್ರೋಲ್ (ವೈರಸ್ ಇಲ್ಲದ ಟ್ಯೂಬು) ಎರಡೂ ಸುತ್ತಿಗೆ ಬೇರೆ ಬೇರೆ ಇಡಿ. ಬ್ಯಾಂಡ್ ಬರದಿದ್ದರೆ ಮೊದಲು ಪ್ರೈಮರನ್ನು (ಪಿಸಿಆರ್ ಶುರುಮಾಡುವ ಸಣ್ಣ ಡಿಎನ್‌ಎ ತುಂಡು) ಅನುಮಾನಿಸಿ: ಸಬ್‌ಟೈಪ್ ಬಿ ನೋಡಿ ಬರೆದ ಪ್ರೈಮರ್ ನಮ್ಮ ಸಿ ವೈರಸ್‌ಗೆ ಸರಿಯಾಗಿ ಕೂರದೆ ಇರಬಹುದು. ಇಂಟಿಗ್ರೇಸ್‌ಗೆ ಪ್ರತ್ಯೇಕ ತುಂಡು ಬೇಕು. ಡೊಲುಟೆಗ್ರಾವಿರ್ ಮೇಲಿರುವವರಿಗೆ ಅದಿಲ್ಲದ ವರದಿ ಅರ್ಧ ವರದಿ.

ಸೀಕ್ವೆನ್ಸ್ ಎರಡೂ ದಿಕ್ಕಿನಿಂದ ಓದಿಸಿ, ಸಾಫ್ಟ್‌ವೇರ್ ಕೊಟ್ಟ ಅಕ್ಷರಗಳನ್ನು ಹಾಗೇ ನಂಬಬೇಡಿ. 184ನೇ ಕೋಡಾನ್‌ನಲ್ಲಿ ಎಟಿಜಿ ಇದ್ದರೆ ಮೆಥಿಯೋನಿನ್, ಜಿಟಿಜಿ ಇದ್ದರೆ ವ್ಯಾಲಿನ್. ಮೊದಲ ಅಕ್ಷರದ ಜಾಗದಲ್ಲಿ ದೊಡ್ಡ ಎ ಪೀಕ್‌ನ ಕೆಳಗೆ ಚಿಕ್ಕ ಜಿ ಪೀಕ್ ಕಂಡರೆ, ಅದು ಎದುರು ದಿಕ್ಕಿನ ಓದಿನಲ್ಲೂ ಅದೇ ಜಾಗದಲ್ಲಿದ್ದರೆ, ಮಿಶ್ರಣ ಎಂದು ಬರೆಯಿರಿ. ಒಂದೇ ದಿಕ್ಕಿನಲ್ಲಿದ್ದರೆ ಅದು ಗದ್ದಲ (ಸುಳ್ಳು ಸಂಕೇತ) ಇರಬಹುದು. ಈ ಸ್ಯಾಂಗರ್ ಸೀಕ್ವೆನ್ಸಿಂಗ್ ವಿಧಾನಕ್ಕೆ ಸುಮಾರು ಶೇ. 20ಕ್ಕಿಂತ ಕಡಿಮೆ ಇರುವ ವೈರಸ್ ಕಾಣುವುದೇ ಇಲ್ಲ. ಎಂ184ಐ, ಇ138ಕೆ ಜತೆಗೆ ಪ್ರೋಟೀನನ್ನು ಅರ್ಧಕ್ಕೇ ನಿಲ್ಲಿಸುವ ಸ್ಟಾಪ್ ಕೋಡಾನ್‌ಗಳೂ ಕಂಡರೆ ನಿಲ್ಲಿ. ನಮ್ಮ ಜೀವಕೋಶದ ಅಪೊಬೆಕ್ ಎಂಜೈಮು ಅನೇಕ ಕಡೆ ಜಿಯನ್ನು ಎ ಮಾಡಿ ಕೆಡಿಸಿದ ಸತ್ತ ಡಿಎನ್‌ಎ ಅದು, ಬಿಳಿ ಪದರ ಬೆರೆತದ್ದರ ಗುರುತು. ಒಂದೇ ರನ್‌ನ ಎಲ್ಲ ಸೀಕ್ವೆನ್ಸುಗಳನ್ನು ಟ್ರೀ (ಹೋಲಿಕೆಯ ವಂಶವೃಕ್ಷ) ಮಾಡಿ ನೋಡಿ. ಸಂಬಂಧವಿಲ್ಲದ ಇಬ್ಬರ ನಡುವೆ ಶೇ. 0.5ಕ್ಕಿಂತ ಕಡಿಮೆ ವ್ಯತ್ಯಾಸ ಇದ್ದರೆ ಸ್ಯಾಂಪಲ್ ಬೆರೆತಿರಬಹುದು, ಉಳಿದ ವಯಲ್‌ನಿಂದ ಮತ್ತೆ ಮಾಡಿ.

ಸೀಕ್ವೆನ್ಸನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಚ್‌ಐವಿ ನಿರೋಧಕತೆ ಡೇಟಾಬೇಸಿಗೆ ಹಾಕಿದರೆ ಪ್ರತಿ ಔಷಧಕ್ಕೂ ಅಂಕ ಬರುತ್ತದೆ. 10ಕ್ಕಿಂತ ಕಡಿಮೆ ಎಂದರೆ ಔಷಧ ಕೆಲಸ ಮಾಡುತ್ತದೆ, 15ರಿಂದ 29 ಅಲ್ಪ, 30ರಿಂದ 59 ಮಧ್ಯಮ, 60 ಮತ್ತು ಮೇಲೆ ತೀವ್ರ ನಿರೋಧ. 10ರಿಂದ 14 ಅನುಮಾನದ ಪಟ್ಟಿ. ಎಂ184ವಿ ಲ್ಯಾಮಿವುಡಿನ್‌ಗೆ 60 ಅಂಕ ಕೊಡುತ್ತದೆ, ಟೆನೊಫೊವಿರ್‌ಗೆ 10 ಅಂಕ ಕಳೆಯುತ್ತದೆ. ಅದು ಮುದ್ರಣದೋಷವಲ್ಲ, ಆ ಬದಲಾವಣೆಯಿಂದ ವೈರಸ್ ಟೆನೊಫೊವಿರ್‌ಗೆ ಇನ್ನಷ್ಟು ಬಗ್ಗುತ್ತದೆ. ಇಂಟಿಗ್ರೇಸ್‌ನಲ್ಲಿ ಜಿ118ಆರ್, ಆರ್263ಕೆ, ಎನ್155ಎಚ್ ಮತ್ತು 148ನೇ ಜಾಗದ ಬದಲಾವಣೆಗಳನ್ನು ಕಣ್ಣಾರೆ ನೋಡಿ.

ಹಳೆಯ ವರದಿ ಇದ್ದರೆ ಹೊಸದರ ಜತೆ ಕೂಡಿಸಿ ಓದಬೇಕು. ಮೂರು ವರ್ಷದ ಹಿಂದೆ ಕಂಡ ಎಂ184ವಿ ಇಂದು ಕಾಣದಿದ್ದರೂ ಲೆಕ್ಕದಲ್ಲಿರುತ್ತದೆ. ಏನೂ ಕಂಡುಬರದೆ ಲೋಡ್ ಮಾತ್ರ ಹೆಚ್ಚಿದ್ದರೆ, ಕೊನೆಯ ಗುಳಿಗೆಯ ದಿನಾಂಕ, ವೈರಲ್ ಲೋಡ್, ಎಷ್ಟು ಎಂಎಲ್ ಪ್ಲಾಸ್ಮಾದಿಂದ ಮಾಡಿದ್ದು ಎನ್ನುವುದನ್ನು ವರದಿಯ ಮೇಲೆಯೇ ಬರೆಯಿರಿ. ಆಗ ಡಾಕ್ಟರು ಔಷಧ ಬದಲಿಸುವ ಬದಲು ಗುಳಿಗೆ ನಿಯಮಿತವಾಗಿ ಸಿಗುವಂತೆ ಮಾಡಿ, ಮೂರು ತಿಂಗಳಿಗೆ ಲೋಡ್ ಮತ್ತೆ ನೋಡಬಹುದು. ಮಿಕ್ಕ ವಯಲ್ಲನ್ನೂ ಪೀಕ್‌ಗಳಿರುವ ಮೂಲ ಕ್ರೊಮ್ಯಾಟೋಗ್ರಾಂ ಫೈಲುಗಳನ್ನೂ ಅಲ್ಲಿಯವರೆಗೆ ತೆಗೆದಿಡಿ.