ಎಲ್ಲಾನೂ ಜರೂರ್ ಅಂದ್ರ ಹ್ಯಾಂಗ್ರೀ?

ಕಲಬುರಗಿಯಲ್ಲಿ ಕೋರ್ಟಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಮಷಿನ್, ಗಿರಾಕಿಗಳಿಗೊಂದು ಬೆಂಚು. ಬರುವವರಲ್ಲಿ ಅರ್ಧ ಜನಕ್ಕೆ ಇಂಗ್ಲಿಷಿನಲ್ಲಿ ಪತ್ರ ಬೇಕು. ಕೂರುವ ಮೊದಲೇ ಹೇಳುತ್ತಾರೆ: “ಅಕ್ಕಾ, ಭಾಳ ಜರೂರ್ ಅದ. ಮ್ಯಾಲ ಅರ್ಜೆಂಟ್ ಅಂತ ದಪ್ಪಂದು ಹಾಕ್ರಿ.”

ಹಾಕುತ್ತಿದ್ದೆ. ವಿಷಯದ ಸಾಲಿನಲ್ಲಿ ಮೋಸ್ಟ್ ಅರ್ಜೆಂಟ್, ನಡುವೆ ವೆರಿ ವೆರಿ ಇಂಪಾರ್ಟೆಂಟ್, ಕೊನೆಗೆ ಮತ್ತೊಂದು ಅರ್ಜೆಂಟ್. ನನಗೆ ಗೊತ್ತಿದ್ದದ್ದೂ ಅಷ್ಟೇ ಶಬ್ದ.

ಆಮೇಲೆ ರದ್ದಿಯಲ್ಲಿ ಒಂದು ದಪ್ಪ ಥೆಸಾರಸ್ ಸಿಕ್ಕಿತು. ಇಂಪಾರ್ಟೆಂಟ್ ಅನ್ನೋದಕ್ಕೆ ಒಂದು ಬುಟ್ಟಿ ಶಬ್ದ: ಕ್ರೂಷಿಯಲ್, ವೈಟಲ್, ಪ್ಯಾರಾಮೌಂಟ್, ಪಿವೋಟಲ್, ಮೊಮೆಂಟಸ್. ಒಂದು ತಿಂಗಳು ನನ್ನ ಪತ್ರಗಳೆಲ್ಲ ಮೈತುಂಬ ಒಡವೆ ಹೇರಿಕೊಂಡೇ ಹೊರಟವು. ಕಾಕಾನ ಮಗಳ ಮದುವೆಗೆ ಎರಡು ದಿನ ರಜೆ ಕೇಳಿದ ಹುಡುಗನ ಅರ್ಜಿಯಲ್ಲೂ ‘ಪ್ಯಾರಾಮೌಂಟ್ ಇಂಪಾರ್ಟೆನ್ಸ್’ ಬರೆದೆ. ಪ್ಯಾರಾಮೌಂಟ್ ಅಂದರೆ ಎಲ್ಲಕ್ಕಿಂತ ಮೇಲೆ, ಅದರ ಮೇಲೆ ಇನ್ನೊಂದಿಲ್ಲ. ಬ್ರಿಟಿಷರು ಸಂಸ್ಥಾನಗಳ ಮೇಲಿದ್ದ ತಮ್ಮ ಹಿಡಿತಕ್ಕೆ ಪ್ಯಾರಾಮೌಂಟ್ಸಿ ಅನ್ನುತ್ತಿದ್ದರು. ನಮ್ಮ ಊರು ನಿಜಾಮರ ಕೆಳಗೆ, ನಿಜಾಮರು ಬ್ರಿಟಿಷರ ಕೆಳಗೆ. 1947ರ ಆಗಸ್ಟ್ 15ಕ್ಕೆ ಆ ಹಿಡಿತ ಕಳಚಿತು. ನಾವು ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಅಂಥ ಶಬ್ದವನ್ನ ನಾನು ಮದುವೆ ಊಟಕ್ಕೆ ಖರ್ಚು ಮಾಡಿದ್ದೆ!

ಅದು ನಗುವ ಮಾತು. ನಗಲಾಗದ್ದೂ ಒಂದಿದೆ. ಖಡಕ್ ರೊಟ್ಟಿ ಮಾಡುವ ಹೆಣ್ಣುಮಕ್ಕಳ ಗುಂಪೊಂದು ಹಿಟ್ಟು ಕಲಸೋ ಮಷಿನ್‌ಗಾಗಿ ಅಮೆರಿಕದ ಒಂದು ಟ್ರಸ್ಟಿಗೆ ಅರ್ಜಿ ಹಾಕಿತ್ತು. ಮುಂದಿನ ಮೀಟಿಂಗಿನಲ್ಲಿ ನಮ್ಮ ಅರ್ಜಿ ಮೊದಲು ತಗೊಳ್ಳಿ ಅಂತ ಬರೀಬೇಕಿತ್ತು. ‘ಪ್ಲೀಸ್ ಟೇಬಲ್ ಅವರ್ ರಿಕ್ವೆಸ್ಟ್’ ಅಂತ ಬರೆದೆ. ನಮ್ಮಲ್ಲಿ ಬಿಲ್ ಟೇಬಲ್ ಮಾಡಿದರು ಅಂದರೆ ಸದನದ ಮುಂದೆ ಇಟ್ಟರು ಅಂತ ತಾನೆ? ಬ್ರಿಟಿಷ್ ಇಂಗ್ಲಿಷಿನಲ್ಲೂ ಹಾಗೇ. ಅಮೆರಿಕದಲ್ಲಿ ಪೂರ್ತಿ ಉಲ್ಟಾ. ಅಲ್ಲಿ ಟೇಬಲ್ ಮಾಡೋದು ಅಂದರೆ ಚರ್ಚೆ ಮಾಡದೆ ಬದಿಗಿಡೋದು. ನೀವು ಕೇಳಿದಂತೆ ಬದಿಗಿಟ್ಟಿದ್ದೇವೆ ಅಂತ ಉತ್ತರ ಬಂತು. ಮೂರು ತಿಂಗಳು ಹೋಯಿತು. ಆ ಗುಂಪಿನ ಅವ್ವಾರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಎರಡನೇ ಪತ್ರಕ್ಕೆ ನಾನು ದುಡ್ಡು ತಗೊಳ್ಳಲಿಲ್ಲ. ‘ಪ್ಲೀಸ್ ಡಿಸ್ಕಸ್ ಇಟ್ ಫಸ್ಟ್’ ಅಂತ ನಾಲ್ಕೇ ಶಬ್ದ ಬರೆದೆ.

ಅವತ್ತಿಂದ ನುಡಿಗಟ್ಟು ಕಂಡರೆ ನಾನು ಸ್ವಲ್ಪ ಹುಷಾರು. ಒಬ್ಬ ಡಿಗ್ರಿ ಹುಡುಗ ಮೊಬೈಲ್ ಹಿಡಿದು ಓಡಿಬಂದ. ಕಂಪನಿಯವರು ಅವನ ಅರ್ಜಿ ಸದ್ಯಕ್ಕೆ ಬ್ಯಾಕ್ ಬರ್ನರ್ ಮೇಲಿದೆ ಅಂತ ಬರೆದಿದ್ದರು. “ಅಕ್ಕಾ, ಬರ್ನರ್ ಮ್ಯಾಲ ಅದ ಅಂದ್ರ ಬೇಯ್ಲಾಕತ್ತದ ಅಲ್ರೀ?” ಅಂದ. ಅವನ ಮುಖ ನೋಡಿ ಹೇಳೋಕೇ ಮನಸ್ಸಾಗಲಿಲ್ಲ. ಆ ನುಡಿಗಟ್ಟು ಹುಟ್ಟಿದ ಕಡೆಯ ಸ್ಟವ್‌ನಲ್ಲಿ ನಾಲ್ಕು ಉರಿ. ಕಣ್ಣಿಟ್ಟು ಮಾಡುವ ಅಡಿಗೆ ಮುಂದಿನದರ ಮೇಲೆ, ಕಾಯಬಹುದಾದದ್ದು ಹಿಂದಿನದರ ಮೇಲೆ. ನಾನು ಅವನಿಗೆ ನಮ್ಮವ್ವನ ಮಣ್ಣಿನ ಒಲೆ ನೆನಪಿಸಿದೆ. ದೊಡ್ಡ ಉರಿಯ ಮೇಲೆ ಹಂಚು, ಹಂಚಿನ ಮೇಲೆ ಜೋಳದ ರೊಟ್ಟಿ. ನೀರು ಸವರಿ, ತಿರುವಿ, ಉಬ್ಬೋ ತನಕ ಅವ್ವ ಕಣ್ಣು ತೆಗೆಯುತ್ತಿರಲಿಲ್ಲ. ಪಕ್ಕದ ಕೋಡೊಲೆಗೆ ಒಳಗಿನಿಂದ ಬಂದಷ್ಟೇ ಝಳ. ಬ್ಯಾಳಿ ಗಡಿಗೆ ಅಲ್ಲಿ ಸುಮ್ನೆ ಬೆಚ್ಚಗೆ ಕೂತಿರುತ್ತಿತ್ತು. “ನಿಂದು ಕೋಡೊಲಿ ಮ್ಯಾಲ ಅದ ನೋಡಪ್ಪ. ಕೆಳಗ ಇಳಿಸಿಲ್ಲ, ಆದ್ರ ಯಾರೂ ನೋಡ್ಲಾಕತ್ತಿಲ್ಲ.” ಹುಡುಗ ಬೇರೆ ಕಡೆ ಅರ್ಜಿ ಹಾಕಿದ.

ವಕೀಲರೊಬ್ಬರು ನನಗೆ ಇನ್ನೊಂದು ಕಲಿಸಿದರು. ‘ಟೈಮ್ ಈಸ್ ಆಫ್ ದಿ ಎಸೆನ್ಸ್’ ಅನ್ನೋದನ್ನ ನಾನು ಬೇಗ ಮಾಡಿ ಅನ್ನೋ ಅರ್ಥದಲ್ಲಿ ಎಲ್ಲಾ ಕಡೆ ಹಾಕುತ್ತಿದ್ದೆ. ಮಾತಿನಲ್ಲಿ ನಡೆಯುತ್ತದೆ. ಕರಾರಿನಲ್ಲಿ ಅದಕ್ಕೆ ಹಲ್ಲು ಇದೆ. 1872ರ ಕರಾರು ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಸಮಯವೇ ಮುಖ್ಯ ಅಂತ ಒಪ್ಪಿದ ಮೇಲೆ ತಾರೀಖು ತಪ್ಪಿದರೆ ಎದುರಿನವರು ಕರಾರನ್ನೇ ರದ್ದು ಮಾಡಬಹುದು. ಪ್ಲಾಟ್ ಖರೀದಿಯ ಕಾಗದದಲ್ಲಿ ನಾನು ಅದನ್ನ ಚೆಂದ ಕಾಣಲಿ ಅಂತ ಹಾಕಿದ್ದೆ. “ಯಾರ್ ಹೇಳಿದ್ರವ್ವಾ ಇದನ್ನ ಹಾಕ್ಲಾಕ?” ಅಂತ ಕೇಳಿ, ಅವರೇ ಪೆನ್ನಿನಿಂದ ಹೊಡೆದು ಹಾಕಿದರು.

ಇನ್ನು ಪ್ರಯಾರಿಟಿ. ಲ್ಯಾಟಿನ್ನಿನ ಪ್ರಿಯರ್ ಅಂದರೆ ಮೊದಲಿನದು. ಹಾಗಾಗಿ ಇದು ಪಾಳಿಯ ಮಾತು, ಯಾರು ಮುಂದೆ ಯಾರು ಹಿಂದೆ ಅನ್ನೋದು. ಇಂಪಾರ್ಟೆಂಟ್ ತೂಕದ ಮಾತು. ನಮ್ಮ ಜನಕ್ಕೆ ಆದ್ಯತೆ ಗೊತ್ತಿರೋದು ರೇಷನ್ ಕಾರ್ಡಿನಿಂದ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ತಲೆಗೆ 5 ಕಿಲೋ ಧಾನ್ಯ ಸಿಗೋದು ಆದ್ಯತಾ ಕುಟುಂಬಕ್ಕೆ, ಇಂಗ್ಲಿಷಿನಲ್ಲಿ ಪ್ರಯಾರಿಟಿ ಹೌಸ್‌ಹೋಲ್ಡ್. ಪ್ರಿಫರೆನ್ಸ್ ಬೇರೆ. ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ 1, 2, 3 ಅಂತ ಬರೀತೀವಲ್ವಾ, ಆ ಪ್ರಾಶಸ್ತ್ಯದ ಮತ ಅದು. ಒಂದು ಅಗತ್ಯ ನೋಡುತ್ತದೆ, ಇನ್ನೊಂದು ಇಷ್ಟ ನೋಡುತ್ತದೆ. ನೌಕರಿ ಅರ್ಜಿಗಳಲ್ಲಿ ನಾನು ಎರಡನ್ನೂ ಕಲಸಿ ಬರೆದಿದ್ದಕ್ಕೆ ಲೆಕ್ಕವಿಲ್ಲ.

ಕ್ರೂಷಿಯಲ್ ನನಗೆ ತುಂಬ ಇಷ್ಟ. ಅದರ ಮೂಲದಲ್ಲಿ ಶಿಲುಬೆ ಇದೆ. ಫ್ರಾನ್ಸಿಸ್ ಬೇಕನ್ 1620ರಲ್ಲಿ ಇದೇ ಮೂಲದ ಲ್ಯಾಟಿನ್ ಮಾತನ್ನ ಬಳಸಿದಾಗ ಅವನ ಮನಸ್ಸಿನಲ್ಲಿದ್ದದ್ದು ದಾರಿ ಕವಲೊಡೆಯುವಲ್ಲಿ ನಿಲ್ಲಿಸೋ ಕೈಮರ. ಆ ಕಡೆಯೋ ಈ ಕಡೆಯೋ ಅನ್ನುವಾಗ ಮಾತ್ರ ಈಗ ಇದನ್ನ ಬರೆಯುತ್ತೇನೆ. ವರ್ಷಕ್ಕೆ ಎರಡು ಸಲ ಬಂದರೆ ಜಾಸ್ತಿ.

ಹೋದ ತಿಂಗಳು ಆಳಂದ ಕಡೆಯ ಒಬ್ಬ ಕಾಕಾ ಬಂದರು. ಮಗಳ ಆಪರೇಷನ್ನಿಗೆ ವಿಮಾ ಕಂಪನಿಯ ಒಪ್ಪಿಗೆ ಬೇಕಿತ್ತು. ಯಾರೋ ಬರೆದುಕೊಟ್ಟ ಕರಡು ತಂದಿದ್ದರು. ಅರ್ಧ ಪುಟದಲ್ಲಿ ಐದು ಅರ್ಜೆಂಟ್. ಆಪರೇಷನ್ ಯಾವತ್ತು ಅಂತ ಎಲ್ಲೂ ಇರಲಿಲ್ಲ. ಈಗ ನಾನು ಎಲ್ಲರಿಗೂ ಕೇಳೋ ಪ್ರಶ್ನೆ ಅವರಿಗೂ ಕೇಳಿದೆ: “ಈ ವಾರ ಆಗ್ಲಿಲ್ಲಂದ್ರ ಏನ್ ಆಗ್ತದ್ರೀ ಕಾಕಾ?”

“14ನೇ ತಾರೀಖಿಗಿ ಡೇಟ್ ಕೊಟ್ಟಾರವ್ವಾ. ಅದು ತಪ್ಪಿದ್ರ ಡಾಕ್ಟರ್ ಒಂದ್ ತಿಂಗಳು ಇರಲ್ಲಂತ.”

ಬೇಕಾದ ಪತ್ರ ಅವರ ಆ ಮಾತಿನಲ್ಲೇ ಇತ್ತು. ಮೊದಲ ಸಾಲಿಗೆ 14ನೇ ತಾರೀಖು ಹಾಕಿದೆ. ಎರಡನೇ ಸಾಲಿಗೆ ಡಾಕ್ಟರ್ ಇರಲ್ಲ ಅನ್ನೋದು. ಮೂರನೆಯದಕ್ಕೆ 12ರೊಳಗೆ ಒಪ್ಪಿಗೆ ಕೊಡಿ ಅಂತ. ಅರ್ಜೆಂಟ್ ಒಂದನ್ನ ಮಾತ್ರ ವಿಷಯದ ಸಾಲಿನಲ್ಲಿ ಉಳಿಸಿದೆ.

ಪ್ರಿಂಟ್ ತೆಗೆದು ಸಹಿಗೆ ಕೊಟ್ಟೆ. ಕಾಕಾ ಇಂಗ್ಲಿಷ್ ಓದಲ್ಲ, ಆದರೆ ಆ ಒಂದು ಶಬ್ದದ ಆಕಾರ ಅವರಿಗೆ ಗೊತ್ತಿತ್ತು. ಬೆರಳಿಟ್ಟು ಹುಡುಕಿದರು.

“ಒಂದೇ ಸಲ ಅದಲ್ಲವ್ವಾ?”

“ಹೌದ್ರೀ, ಒಂದೇ ಸಾಕ್ರೀ.”

ಸಹಿ ಮಾಡಿದರು. ಪೆನ್ನು ವಾಪಸ್ ಕೊಡೋ ಮೊದಲು ಆ ಅರ್ಜೆಂಟ್ ಕೆಳಗೆ ಎರಡು ಗೆರೆ ಎಳೆದರು. ನಾನು ಹಾಗೇ ಸ್ಕ್ಯಾನ್ ಮಾಡಿ ಕಳಿಸಿದೆ.