ಲಾಸಿಕ್‌ಗೆ ಮುನ್ನ ಕಾರ್ನಿಯಾದ ಲೆಕ್ಕ ಹಾಕುವುದು ಹೇಗೆ

ಕನ್ನಡಕದ ಪವರ್ ತೆಗೆಯಲು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಲೇಸರ್‌ನಿಂದ ಸವೆಸುವ ಆಪರೇಷನ್ನೇ ಲಾಸಿಕ್. ಅದಕ್ಕೆ ಮುನ್ನ ಕಾರ್ನಿಯಾ ಸ್ಕ್ಯಾನಿನ ರಿಪೋರ್ಟ್ ಕೈಗೆ ಬಂದ ಮೇಲೆ ಮೂರು ಅಂಕಿ ಹುಡುಕಿ: ಅತಿ ತೆಳುವಾದ ಜಾಗದ ದಪ್ಪ, ಕೆ ರೀಡಿಂಗ್ (ಕಾರ್ನಿಯಾ ಎಷ್ಟು ಬಾಗಿದೆ ಎಂಬ ಅಳತೆ), ಮಂದ ಬೆಳಕಿನಲ್ಲಿ ಪಾಪೆಯ ಅಗಲ. ಮೆದು ಲೆನ್ಸ್ ಹಾಕುವವರು ಸ್ಕ್ಯಾನಿಗೆ ಒಂದೆರಡು ವಾರ, ಗಟ್ಟಿ ಲೆನ್ಸಿನವರು ಮೂರ್ನಾಲ್ಕು ವಾರ ಮೊದಲೇ ಅದನ್ನು ನಿಲ್ಲಿಸಿರಬೇಕು. ಲೆನ್ಸ್ ಒತ್ತಿ ಕೂತ ಕಾರ್ನಿಯಾ ತನ್ನ ನಿಜವಾದ ಆಕಾರ ತೋರಿಸುವುದಿಲ್ಲ. ನಿನ್ನೆ ಲೆನ್ಸ್ ತೆಗೆದು ಇವತ್ತು ಮಾಡಿಸಿದ ಸ್ಕ್ಯಾನ್ ದಂಡ.

ಮೈನಸ್ 6 ಪವರ್, ದಪ್ಪ 530 ಮೈಕ್ರಾನ್, ಕೆ 43.5, ಪಾಪೆ 7 ಮಿ.ಮೀ. ಎಂದಿಟ್ಟುಕೊಳ್ಳಿ. ಲೇಸರ್ ಪೂರ್ತಿ ಸರಿಪಡಿಸುವ ವೃತ್ತಕ್ಕೆ ಆಪ್ಟಿಕಲ್ ಜೋನ್ ಎನ್ನುತ್ತಾರೆ. ಅದರ ವ್ಯಾಸದ ವರ್ಗವನ್ನು ಪವರ್‌ನಿಂದ ಗುಣಿಸಿ 3ರಿಂದ ಭಾಗಿಸಿದರೆ ಎಷ್ಟು ಮೈಕ್ರಾನ್ ಸವೆಯುತ್ತದೆ ಎಂಬುದು ಸಿಗುತ್ತದೆ. 6.5 ಮಿ.ಮೀ. ಜೋನ್‌ಗೆ ಸುಮಾರು 85. ಫ್ಲ್ಯಾಪ್‌ಗೆ (ಲೇಸರ್‌ಗೆ ಮುನ್ನ ಕೊಯ್ದು ಮಡಚಿಡುವ ಮೇಲ್ಪದರ) 110 ಸೇರಿಸಿ: ಒಟ್ಟು 195. ತಳದಲ್ಲಿ ಉಳಿದದ್ದು 335. ಇದು 250ಕ್ಕಿಂತ ಕೆಳಗೆ ಇಳಿಯಲೇಬಾರದು. ಅನೇಕ ಸರ್ಜನ್‌ಗಳು 300ರ ಆಸುಪಾಸು ಉಳಿಸಿಕೊಳ್ಳುತ್ತಾರೆ. 195 ಎಂದರೆ 530ರ ಶೇ. 37. ಶೇ. 40 ಮುಟ್ಟಿದರೆ ಮುಂದೆ ಕಾರ್ನಿಯಾ ಉಬ್ಬುವ ಅಪಾಯ ಏರುತ್ತದೆ. ಇದು ಅಂದಾಜಿನ ಲೆಕ್ಕ, ಈಗಿನ ಯಂತ್ರಗಳು ಇನ್ನೂ ಸ್ವಲ್ಪ ಹೆಚ್ಚೇ ತೆಗೆಯುತ್ತವೆ. ಕೆರಟೋಕೋನಸ್‌ನ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ರೋಗ) ಸಣ್ಣ ಅನುಮಾನವಿದ್ದರೂ ಲೆಕ್ಕ ಎಷ್ಟೇ ಚೆನ್ನಾಗಿರಲಿ, ಲಾಸಿಕ್ ಬೇಡ.

ಈಗ ನಿಜವಾದ ಜಗ್ಗಾಟ. ಕತ್ತಲಲ್ಲಿ ಪಾಪೆ 7ಕ್ಕೆ ಅರಳುತ್ತದೆ, ಜೋನ್ 6.5. ಅಂಚಿನ ಉಂಗುರದಿಂದ ಬರುವ ಬೆಳಕು ಬೇರೆ ಕಡೆ ಕೂಡಿ, ಎದುರಿನ ಗಾಡಿಯ ಹೆಡ್‌ಲೈಟ್ ಸುತ್ತ ಪ್ರಭಾವಳಿ ಕಾಣುತ್ತದೆ. ಹುಟ್ಟಿನಿಂದ ಕಾರ್ನಿಯಾ ನಡುವೆ ಕಡಿದಾಗಿ, ಅಂಚಿಗೆ ಹೋದಂತೆ ಚಪ್ಪಟೆ. ಮೈನಸ್ ಪವರ್ ತೆಗೆದಾಗ ಇದು ತಿರುವುಮುರುವಾಗಿ ಗೋಳೀಯ ದೋಷ (ನಡುವಿನ ಮತ್ತು ಅಂಚಿನ ಬೆಳಕು ಒಂದೇ ಕಡೆ ಕೂಡದಿರುವುದು) ಹೆಚ್ಚುತ್ತದೆ. ಜೋನನ್ನು 7ಕ್ಕೆ ಹಿಗ್ಗಿಸೋಣವೆಂದರೆ ಸವೆತ 98 ಆಗಿ, ಒಟ್ಟು ಶೇ. 39 ದಾಟುತ್ತದೆ. ಇಂಥವರಿಗೆ ಕಣ್ಣೊಳಗೆ ಕೂರಿಸುವ ಐಸಿಎಲ್ ಲೆನ್ಸಿನ ಮಾತೆತ್ತುವುದೇ ಒಳ್ಳೆಯದು. ಚಪ್ಪಟೆತನವನ್ನೂ ನೋಡಿ: ತೆಗೆದ ಪವರ್‌ನ ಪ್ರತಿ ಡಯಾಪ್ಟರ್‌ಗೆ ಕೆ ಸುಮಾರು 0.8 ಇಳಿಯುತ್ತದೆ. 43.5 ಇದ್ದದ್ದು 38.7ಕ್ಕೆ ಬಂದರೆ ಸರಿ, 35ಕ್ಕೆ ಇಳಿದರೆ ನೋಟ ಮಂಕು.

ಲಾಸಿಕ್ ಆದ ಮೇಲೆ ನೋಟ ಮಸುಕಾದರೆ ಮನೆಯಲ್ಲೇ ಪರೀಕ್ಷಿಸಬಹುದು. ರೆಪ್ಪೆ ಬಡಿದ ಕ್ಷಣ ತಿಳಿಯಾಗಿ ಮತ್ತೆ ಮಸುಕಾದರೆ ಅದು ಒಣಗಣ್ಣು. ಫ್ಲ್ಯಾಪ್ ಕೊಯ್ಯುವಾಗ ನರಗಳೂ ತುಂಡಾಗುವುದರಿಂದ ಮೊದಲ ತಿಂಗಳುಗಳಲ್ಲಿ ಸಾಮಾನ್ಯ. ಕೋಣೆಯ ದೀಪ ಹಾಕಿದೊಡನೆ ಪ್ರಭಾವಳಿ ಕುಗ್ಗಿದರೆ ಪಾಪೆ–ಜೋನ್ ಸಮಸ್ಯೆ. ದೀಪಕ್ಕೆ ಒಂದೇ ಕಡೆ ಬಾಲ ಮೂಡಿ, ತಲೆ ವಾಲಿಸಿದರೆ ಬಾಲವೂ ತಿರುಗಿದರೆ ಲೇಸರ್ ನಡು ತಪ್ಪಿ ಬಿದ್ದಿರಬಹುದು. ಆಗ ಟೊಪೊಗ್ರಫಿ (ಕಾರ್ನಿಯಾ ಮೇಲ್ಮೈಯ ನಕ್ಷೆ ತೆಗೆಯುವ ಸ್ಕ್ಯಾನ್) ಮಾಡಿಸಿ.

ಹಳೆಯ ಪವರ್ ಮತ್ತು ಕೆ ಇರುವ ರಿಪೋರ್ಟನ್ನು ಎಸೆಯಬೇಡಿ. ಮುಂದೆ ಪೊರೆ ಆಪರೇಷನ್ ಬಂದಾಗ ಮಾಮೂಲಿ ಸೂತ್ರ ಬಳಸಿದರೆ ಲೆನ್ಸಿನ ಪವರ್ ಕಮ್ಮಿ ಬಿದ್ದು ಪ್ಲಸ್ ಕನ್ನಡಕ ಹತ್ತುತ್ತದೆ. ಕಣ್ಣಿನ ಒತ್ತಡವೂ ಇರುವುದಕ್ಕಿಂತ ಕಡಿಮೆ ತೋರುವುದರಿಂದ, ಗ್ಲಾಕೋಮಾ ತಪಾಸಣೆಗೆ ಹೋದಾಗಲೆಲ್ಲ ಲಾಸಿಕ್ ಆಗಿದೆ ಎಂದು ಹೇಳಿ.