ಬಸುರಿಯ ಕಾಫಿ: ಲೋಟ ಎಣಿಸಬೇಡಿ, ಪುಡಿ ಅಳೆಯಿರಿ

"ದಿನಕ್ಕೆ ಎರಡೇ ಲೋಟ" ಎಂದು ಡಾಕ್ಟರ್ ಹೇಳಿರುತ್ತಾರೆ. ಬಸುರಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾಳೆ. ಆದರೆ ಲೋಟ ಎಷ್ಟು ದೊಡ್ಡದು, ಡಿಕಾಕ್ಷನ್ ಎಷ್ಟು ಗಟ್ಟಿ ಎಂದು ಮನೆಯಲ್ಲಿ ಯಾರೂ ನೋಡುವುದಿಲ್ಲ. ಇನ್ನು ಕೆಲವರು ಎರಡು ಗೆರೆ ಕಂಡ ದಿನವೇ ಕಾಫಿ ಪೂರ್ತಿ ಬಿಟ್ಟು, ಮರುದಿನ ತಲೆ ಹಿಡಿದುಕೊಂಡು ಮಲಗುತ್ತಾರೆ. ಈ ಎರಡು ಎಡವಟ್ಟನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಮಿತಿ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್, ಅಂದರೆ ಕಾಫಿ, ಟೀಯಲ್ಲಿ ಇರುವ, ನಿದ್ದೆ ಓಡಿಸುವ ಅಂಶ. ವಿಶ್ವ ಆರೋಗ್ಯ ಸಂಸ್ಥೆ 300 ದಾಟುವವರು ಕಡಿಮೆ ಮಾಡಲಿ ಎನ್ನುತ್ತದೆ. ಬ್ರಿಟನ್, ಅಮೆರಿಕದ ತಜ್ಞರು 200ಕ್ಕೇ ನಿಲ್ಲಿಸಿ ಎನ್ನುತ್ತಾರೆ. ನೀವು 200 ಇಟ್ಟುಕೊಳ್ಳಿ. ಕೆಫೀನ್ ಮಾಸು (ಪ್ಲಾಸೆಂಟಾ) ದಾಟಿ ಮಗುವಿಗೆ ಹೋಗುತ್ತದೆ. ಅದನ್ನು ಕರಗಿಸುವ ಶಕ್ತಿ ಮಗುವಿನ ಲಿವರ್‌ಗೆ ಇನ್ನೂ ಬಂದಿರುವುದಿಲ್ಲ. ಜಾಸ್ತಿ ಕುಡಿದವರ ಮಕ್ಕಳಲ್ಲಿ ಹುಟ್ಟುವಾಗಿನ ತೂಕ ಕಡಿಮೆ ಇರುವುದು ಕಂಡುಬಂದಿದೆ.

ಹಂತ 2: ಪುಡಿಯ ಲೆಕ್ಕ. ಹೆಚ್ಚಿನವರು ತಪ್ಪುವುದು ಇಲ್ಲೇ. ಪ್ಯಾಕೆಟ್ ತಿರುಗಿಸಿ ಓದಿ. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಅಚ್ಚಾಗಿರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಕಾಫಿಯ ಪಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಅಂಗಡಿಯಲ್ಲಿ ಬೀಜ ಪುಡಿ ಮಾಡಿಸುವವರು ಅರೇಬಿಕಾನೋ ರೋಬಸ್ಟಾನೋ ಕೇಳಿ. ಅರೇಬಿಕಾದಲ್ಲಿ ಗ್ರಾಂಗೆ ಸುಮಾರು 12 ಮಿಲಿಗ್ರಾಂ ಕೆಫೀನ್ ಇದ್ದರೆ, ರೋಬಸ್ಟಾದಲ್ಲಿ ಹತ್ತಿರ ಹತ್ತಿರ 22. "ಪೀಬೆರಿ" ಎಂದಷ್ಟೇ ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ. ಅದು ಕಾಳಿನ ಆಕಾರ, ಎರಡೂ ಜಾತಿಯಲ್ಲಿ ಸಿಗುತ್ತದೆ. ಗೊತ್ತಾಗದಿದ್ದರೆ ರೋಬಸ್ಟಾ ಎಂದೇ ಹಿಡಿಯಿರಿ.

ಈಗ ಅಡುಗೆಮನೆಯ ಡಿಜಿಟಲ್ ತಕ್ಕಡಿ ತೆಗೆಯಿರಿ. ಚಮಚದ ಅಳತೆ ನಂಬಬೇಡಿ, ಗೋಪುರ ಮಾಡಿ ತುಂಬಿದ ಚಮಚ ಮಟ್ಟ ಚಮಚದ ಎರಡರಷ್ಟಾಗುತ್ತದೆ. 80ಕ್ಕೆ 20 ಚಿಕೋರಿ ಬೆರೆತ ಪುಡಿ 10 ಗ್ರಾಂ ತೂಗಿದರೆ ಅದರಲ್ಲಿ 8 ಗ್ರಾಂ ಕಾಫಿ. ಪೂರ್ತಿ ರೋಬಸ್ಟಾ ಆದರೂ 176 ಮಿಲಿಗ್ರಾಂ. ಅದು ಇಡೀ ದಿನದ ಪಾಲು. ಬಸುರಿಗೆಂದೇ ಪುಟ್ಟ ಫಿಲ್ಟರ್ ಇಡಿ, ಮನೆಮಂದಿಯ ದೊಡ್ಡ ಫಿಲ್ಟರಿನಿಂದ ಬಗ್ಗಿಸಿಕೊಂಡರೆ ಲೆಕ್ಕ ಸಿಗುವುದೇ ಇಲ್ಲ. ಇಳಿದದ್ದನ್ನು ಎರಡು ಲೋಟಕ್ಕೆ ಹಂಚಿ. ಅದೇ ಪುಡಿಗೆ ಎರಡನೇ ಸಲ ನೀರು ಹಾಕಿದರೂ ಪರವಾಗಿಲ್ಲ, ಪುಡಿಯಲ್ಲಿ ಇದ್ದಷ್ಟೇ ತಾನೇ ಇಳಿಯುವುದು. ಹಾಲು ಜಾಸ್ತಿ ಸುರಿದರೆ ಕಾಫಿ ಬೆಳ್ಳಗಾಗುತ್ತದೆ, ಕೆಫೀನ್ ಕಡಿಮೆಯಾಗುವುದಿಲ್ಲ.

ಟೀ ಕುಡಿದರೆ ಅದನ್ನೂ ಈ 200ರಲ್ಲಿ ಕಳೆಯಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಕಪ್ ಟೀಯಲ್ಲಿ 30ರಿಂದ 65, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಮಿಲಿಗ್ರಾಂ. ಗ್ರೀನ್ ಟೀಯಲ್ಲೂ ಕೆಫೀನ್ ಇದೆ, ಆರೋಗ್ಯಕ್ಕೆ ಒಳ್ಳೆಯದೆಂದು ಹೊಟ್ಟೆ ತುಂಬ ಕುಡಿಯಬೇಡಿ. ಎನರ್ಜಿ ಡ್ರಿಂಕ್ ಮುಟ್ಟಲೇಬೇಡಿ. ಬಸುರಿಯರಿಗಲ್ಲ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ, ಇರುವೆ ಗಾತ್ರದ ಅಕ್ಷರದಲ್ಲಿ.

ಹಂತ 3: ಮೆಲ್ಲಗೆ ಇಳಿಸಿ. ಒಮ್ಮೆಗೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರು. ಅದು ವಾರ ಕಳೆದರೂ ಬಿಡದೆ ಕಾಡಬಹುದು. ಅದಕ್ಕೇ ಎರಡು ಮೂರು ದಿನಕ್ಕೊಮ್ಮೆ ಅರ್ಧ ಲೋಟದಷ್ಟು ಕಡಿಮೆ ಮಾಡಿ. ಮೊದಲು ಸಂಜೆಯದು, ಆಮೇಲೆ ಹನ್ನೊಂದು ಗಂಟೆಯದು, ಬೆಳಗಿನದು ಕೊನೆಗೆ. ತಲೆನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಅಂಥ ಕೆಲವು ಮಾತ್ರೆಗಳಲ್ಲೇ ಕೆಫೀನ್ ಇರುತ್ತದೆ, ಜೊತೆಗೆ ಬಸುರಿಗೆ ಆಗದ ಔಷಧವೂ ಇರಬಹುದು. ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಬಾಯಿಗೆ ಬಿಸಿ ಏನಾದರೂ ಬೇಕಲ್ವಾ? ರಾಗಿ ಮಾಲ್ಟ್ ಕುಡಿಯಿರಿ. ಕೊತ್ತಂಬರಿ, ಜೀರಿಗೆ ಹುರಿದು ಮನೆಯಲ್ಲೇ ಮಾಡಿದ ಕಷಾಯವೂ ಆಗುತ್ತದೆ. ಅಂಗಡಿಯ ಕಷಾಯದ ಪುಡಿ ನನಗೆ ಒಪ್ಪಿಗೆಯಿಲ್ಲ. ಎಷ್ಟೋ ಪುಡಿಗಳಲ್ಲಿ ಜ್ಯೇಷ್ಠಮಧು ಇರುತ್ತದೆ, ಬಸುರಿಯರು ಅದನ್ನು ದಿನವೂ ಕುಡಿಯುವುದು ತರವಲ್ಲ.

ಹಂತ 4: ಹೊತ್ತು. ಮಧ್ಯಾಹ್ನದ ನಂತರ ಕಾಫಿ ಬೇಡ. ಮಾಮೂಲಿ ದಿನಗಳಲ್ಲಿ ಕೆಫೀನಿನ ಅರ್ಧದಷ್ಟು ಕರಗಲು ಐದು ಗಂಟೆ ಸಾಕು. ಕೊನೆಯ ಮೂರು ತಿಂಗಳಲ್ಲಿ ಹದಿನೈದು ಗಂಟೆಯೂ ಹಿಡಿಯಬಹುದು. ನಾಲ್ಕು ಗಂಟೆಯ ಕಾಫಿ ನಡುರಾತ್ರಿಯಲ್ಲೂ ಎಚ್ಚರ ಇಡುತ್ತದೆ.

ಹಂತ 5: ಕಬ್ಬಿಣದ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದನ್ನು ಕಾಫಿಯ ಜೊತೆಗೇ ನುಂಗುವವರನ್ನು ಕಂಡರೆ ಸಂಕಟವಾಗುತ್ತದೆ. ಕಾಫಿ, ಟೀಯ ಒಗರು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೂ ಮಾತ್ರೆಗೂ ಹಿಂದೆ ಮುಂದೆ ಒಂದು ಗಂಟೆ ಕಾಫಿ ದೂರವಿರಲಿ. ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ ಇಡಿ. ಮಲ ಕಪ್ಪಗಾದರೆ ಗಾಬರಿ ಬೇಡ, ಕಬ್ಬಿಣಕ್ಕೆ ಹಾಗೆ ಆಗುವುದು ಸಹಜ. ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸಬೇಡಿ.